ಪಟ್ಟಿಯೂ ಪ್ರಶ್ನೆಯೂ

ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು ಆ ಹೆಸರಿನಿಂದ ಕರೆಯುವವರು ವಿರಳ. ನಾಡಿಗೆಲ್ಲ ಅದು ಸಾವಿರ ಕಂಬದ ಬಸದಿ. 1430ರ ಸುಮಾರಿಗೆ ನಿರ್ಮಾಣ ಕಾರ್ಯ ಆರಂಭವಾದ ಆ ಬಸದಿಯೊಳಗೆ ಕಾಲಿರಿಸಿದ ಯಾತ್ರಿಕನ ಮೊದಲ ಪ್ರಶ್ನೆ, ಇಲ್ಲಿ ನಿಜವಾಗಿಯೂ ಸಾವಿರ ಕಂಬಗಳಿವೆಯೇ ಎಂಬುದು. ಕೆಲವರು ಎಣಿಸಲು ತೊಡಗಿ, ನಡುವೆ ಲೆಕ್ಕ ತಪ್ಪಿ, ನಗುತ್ತ ಕೈಬಿಡುವುದೂ ಉಂಟು. ಒಂದು ಕಂಬದಂತೆ ಇನ್ನೊಂದಿಲ್ಲವೆಂಬ ಮಾತು ಆ ಊರಿನಲ್ಲಿ ರೂಢಿಯಾಗಿದೆ. ಆ ಮಾತು ನಿಜವಾದ ಪಕ್ಷದಲ್ಲಿ ಎಣಿಕೆಗಿಂತ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ. ಯಾವ ಕಂಬವು ಯಾವ ವಿಷಯದಲ್ಲಿ ಉಳಿದವುಗಳಿಗಿಂತ ಬೇರೆ? ಎತ್ತರದಲ್ಲೋ, ಸುತ್ತಳತೆಯಲ್ಲೋ, ಮೈಮೇಲಿನ ಕೆತ್ತನೆಯಲ್ಲೋ? ಸಾವಿರವೆಂಬ ಸಂಖ್ಯೆಗೆ ಈ ಪ್ರಶ್ನೆಯನ್ನು ಉತ್ತರಿಸುವ ಶಕ್ತಿಯಿಲ್ಲ. ಸಂಖ್ಯೆಯು ಕಂಬಗಳ ಗುಂಪಿಗೆ ಸೇರಿದ್ದು. ಎತ್ತರವು ಒಂದೊಂದು ಕಂಬಕ್ಕೂ ಸೇರಿದ್ದು.

ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆಯಲು ಕಲಿಯುವ ವಿದ್ಯಾರ್ಥಿಯು ಆರಂಭದಲ್ಲಿಯೇ ಎದುರಿಸುವ ತೊಡಕು ಇದೇ ಆಗಿದೆ. ಅಲ್ಲಿ ಅನೇಕ ವಸ್ತುಗಳನ್ನು ಸಾಲಾಗಿ ಇರಿಸುವ ವ್ಯವಸ್ಥೆಗೆ ಲಿಸ್ಟ್ ಅಥವಾ ಪಟ್ಟಿ ಎಂದು ಹೆಸರು. ಸಾಲಿನಲ್ಲಿರುವ ಒಂದೊಂದೂ ಆಬ್ಜೆಕ್ಟ್, ಅಂದರೆ ವಸ್ತು. ವಸ್ತುವಿಗೆ ಪ್ರಾಪರ್ಟಿಗಳು, ಅಂದರೆ ಗುಣಗಳು, ಇರುತ್ತವೆ. ಪ್ರತಿಯೊಂದು ಗುಣಕ್ಕೂ ಒಂದು ಹೆಸರು ಮತ್ತು ಒಂದು ಬೆಲೆ. ಬೆಲೆಯೆಂದರೆ ಇಲ್ಲಿ ಅಂಗಡಿಯ ಬೆಲೆಯಲ್ಲ. ಬೀಜಗಣಿತದಲ್ಲಿ ಅವ್ಯಕ್ತಕ್ಕೆ ಕಟ್ಟುವ ಬೆಲೆಯಂತಹುದು. ವಸ್ತುವಿನ ಹೆಸರನ್ನು ಬರೆದು, ಒಂದು ಚುಕ್ಕೆಯನ್ನಿಟ್ಟು, ಗುಣದ ಹೆಸರನ್ನು ಬರೆದರೆ ಅದರ ಬೆಲೆ ದೊರಕುತ್ತದೆ. ‘ಕಂಬ.ಎತ್ತರ’ ಎಂದರೆ ಆ ಕಂಬದ ಎತ್ತರ. ಇಷ್ಟು ಸರಳವಾದ ವಿದ್ಯೆಯಲ್ಲಿ ಎಡವುವುದಕ್ಕೆ ಏನಿದೆ ಎಂದು ತೋರಬಹುದು. ಎಡವುವವರು ಅನೇಕರು.

ಕರಾವಳಿಯ ಮೂರು ಗೊಮ್ಮಟ ವಿಗ್ರಹಗಳನ್ನು ಒಂದು ಪಟ್ಟಿಯಲ್ಲಿ ಬರೆದಿರಿಸಲಾಗಿದೆ ಎಂದು ಭಾವಿಸೋಣ. ಮೊದಲನೆಯದು ಕಾರ್ಕಳದ್ದು, 1432ರದು, ಎತ್ತರ ಸುಮಾರು 42 ಅಡಿ. ಎರಡನೆಯದು ಬೆಳ್ತಂಗಡಿ ತಾಲೂಕಿನ ವೇಣೂರಿನದು, 1604ರಲ್ಲಿ ಅಜಿಲ ಅರಸ ತಿಮ್ಮಣ್ಣನು ನಿಲ್ಲಿಸಿದ್ದು, ಎತ್ತರ ಸುಮಾರು 35 ಅಡಿ. ಮೂರನೆಯದು ಅದೇ ತಾಲೂಕಿನ ಧರ್ಮಸ್ಥಳದ್ದು, ಎತ್ತರ ಸುಮಾರು 39 ಅಡಿ. ಹೊಸದಾಗಿ ಕಲಿಯುವವನು ‘ಗೊಮ್ಮಟರು.ಎತ್ತರ’ ಎಂದು ಬರೆದು ಉತ್ತರಕ್ಕಾಗಿ ಕಾಯುತ್ತಾನೆ. ಉತ್ತರ ಬಾರದು. ಪಟ್ಟಿಗೆ ಎತ್ತರವಿಲ್ಲ, ಅದಕ್ಕಿರುವುದು ಮೂರು ಎಂಬ ಉದ್ದ ಮಾತ್ರ. ಅವನು ಪಟ್ಟಿಯೊಳಗೆ ಹೋಗಿ, ಒಬ್ಬೊಬ್ಬ ಗೊಮ್ಮಟನ ಮುಂದೆಯೂ ನಿಂತು, ಎತ್ತರವೆಷ್ಟೆಂದು ಕೇಳಬೇಕು. ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಎಣಿಕೆಯು ಸೊನ್ನೆಯಿಂದ ಆರಂಭವಾಗುವುದರಿಂದ ಕಾರ್ಕಳದ್ದು ಸೊನ್ನೆಯನೆಯದು, ಧರ್ಮಸ್ಥಳದ್ದು ಎರಡನೆಯದು. ಈ ವಿಚಿತ್ರವನ್ನು ಮರೆತವನು ವೇಣೂರಿನ ಎತ್ತರವನ್ನು ಕಾರ್ಕಳದ ಎತ್ತರವೆಂದು ತಿಳಿದಾನು. ಎಲ್ಲ ಎತ್ತರಗಳೂ ಬೇಕಾದರೆ ಸಾಲಿನ ತುದಿಯಿಂದ ತುದಿಗೆ ನಡೆಯುತ್ತ ಒಂದೇ ಪ್ರಶ್ನೆಯನ್ನು ಮೂರು ಬಾರಿ ಕೇಳಬೇಕು. ಆಗ 42, 35, 39 ಎಂಬ ಹೊಸದೊಂದು ಪಟ್ಟಿ ಕೈಗೆ ಬರುತ್ತದೆ. ಮೂರರ ಬದಲು ಮೂರು ಲಕ್ಷ ವಸ್ತುಗಳಿದ್ದರೂ ಯಂತ್ರಕ್ಕೆ ಬೇಸರವಿಲ್ಲ.

ಯಂತ್ರಕ್ಕೆ ಬೇಸರವಿಲ್ಲವೆಂಬ ಕಾರಣದಿಂದಲೇ ಜನರು ಅದನ್ನು ಅತಿಯಾಗಿ ನಂಬುತ್ತಾರೆ. ಅದು ಕೇಳಿದ ಗುಣದ ಬೆಲೆಯನ್ನು ತಂದುಕೊಡುವುದೇ ಹೊರತು, ಆ ಗುಣಕ್ಕೆ ಹೆಸರಿಟ್ಟವನು ಏನನ್ನು ಉದ್ದೇಶಿಸಿದ್ದನೆಂಬುದನ್ನು ಅರಿಯದು. ಮೇಲಿನ ಪಟ್ಟಿಯಲ್ಲಿ ಧರ್ಮಸ್ಥಳದ ವಿಗ್ರಹಕ್ಕೆ ವರ್ಷವನ್ನು ಹೇಳದೆ ಬಿಟ್ಟುದನ್ನು ಎಚ್ಚರದ ಓದುಗನು ಗಮನಿಸಿರಬಹುದು. ರೆಂಜಾಳ ಗೋಪಾಲ ಶೆಣೈಯವರು ಆ ವಿಗ್ರಹವನ್ನು ಕೆತ್ತಿದ್ದು ಕಾರ್ಕಳದಲ್ಲಿ. ಅದು ಧರ್ಮಸ್ಥಳಕ್ಕೆ ಸಾಗಿಬಂದದ್ದು 1973ರಲ್ಲಿ. ಪ್ರತಿಷ್ಠೆಯಾದದ್ದು 1982ರಲ್ಲಿ. ‘ವರ್ಷ’ ಎಂಬ ಒಂದೇ ಹೆಸರಿನ ಕೆಳಗೆ ಇವುಗಳಲ್ಲಿ ಯಾವುದನ್ನು ಬರೆಯತಕ್ಕದ್ದು? ‘ಊರು’ ಎಂಬ ಹೆಸರಿನ ಕೆಳಗೆ ಹುಟ್ಟಿದ ಊರನ್ನೋ, ನಿಂತ ಊರನ್ನೋ? ಒಬ್ಬ ಲೇಖಕನು ಒಂದು ಬಗೆಯಾಗಿಯೂ ಇನ್ನೊಬ್ಬನು ಇನ್ನೊಂದು ಬಗೆಯಾಗಿಯೂ ಬರೆದರೆ, ಎರಡು ಬರಹಗಳೂ ಸತ್ಯವಾಗಿದ್ದರೂ ಪಟ್ಟಿಯು ಸುಳ್ಳಾಗುತ್ತದೆ. ಕೆತ್ತಿದ ವರ್ಷ, ತಂದ ವರ್ಷ, ಪ್ರತಿಷ್ಠೆಯ ವರ್ಷ ಎಂದು ಮೂರು ಗುಣಗಳನ್ನು ಪ್ರತ್ಯೇಕವಾಗಿ ಹೆಸರಿಸುವವನಿಗೆ ಶಿಲ್ಪದ ಚರಿತ್ರೆ ತಿಳಿದಿರಬೇಕು. ಗಣಕಶಾಸ್ತ್ರವು ಅದನ್ನು ಕಲಿಸುವುದಿಲ್ಲ.

ಊರಿನ ಹೆಸರುಗಳ ವಿಷಯವಂತೂ ಇನ್ನೂ ತೊಡಕಿನದು. ಮೂಡುಬಿದಿರೆಯನ್ನು ಮೂಡಬಿದಿರೆ, ಮೂಡಬಿದ್ರಿ ಎಂದೂ ಬರೆಯುವರು. ಸಂಸ್ಕೃತ ಬರಹಗಳಲ್ಲಿ ಅದು ವೇಣುಪುರ. ಬಂಟವಾಳವೂ ಬಂಟ್ವಾಳವೂ ನೇತ್ರಾವತಿಯ ದಡದ ಒಂದೇ ಪೇಟೆಯೆಂಬುದು ಕನ್ನಡಿಗನಿಗೆ ಗೊತ್ತು. ಅಕ್ಷರಗಳನ್ನು ಮಾತ್ರ ಹೋಲಿಸುವ ಯಂತ್ರಕ್ಕೆ ಅವು ಎರಡು ಊರುಗಳು. ತಾಲೂಕಿನ ಹೆಸರನ್ನು ಕೇಳಿದರೆ ಮತ್ತೊಂದು ಸಂಕಟ. ಮೂಡುಬಿದಿರೆಯು ಹಿಂದೆ ಕಾರ್ಕಳ ತಾಲೂಕಿನಲ್ಲಿತ್ತು. 1997ರಲ್ಲಿ ಉಡುಪಿ ಜಿಲ್ಲೆಯು ರಚನೆಯಾದಾಗ ಕಾರ್ಕಳವು ಆ ಕಡೆಗೆ ಹೋಯಿತು. ಮೂಡುಬಿದಿರೆ ದಕ್ಷಿಣ ಕನ್ನಡದಲ್ಲಿ ಉಳಿದು ಮಂಗಳೂರು ತಾಲೂಕಿಗೆ ಸೇರಿತು. ಈಗ ಅದೇ ಒಂದು ತಾಲೂಕು ಕೇಂದ್ರ. ಬಸದಿಯು ಇದ್ದಲ್ಲಿಂದ ಅಂಗುಲವೂ ಕದಲಲಿಲ್ಲ. ಅದರ ‘ತಾಲೂಕು’ ಎಂಬ ಗುಣದ ಬೆಲೆಯು ಮಾತ್ರ ಎರಡು ಬಾರಿ ಬದಲಾಯಿತು. ಹಳೆಯ ಪಟ್ಟಿಯನ್ನು ತಿದ್ದದೆ ಹೊಸ ಪಟ್ಟಿಯೊಡನೆ ಬೆರೆಸಿದವನು ಮೂಡುಬಿದಿರೆ ತಾಲೂಕಿನ ಬಸದಿಗಳನ್ನು ಕೇಳಿದರೆ ಅರ್ಧವಷ್ಟೇ ಬಂದೀತು. ಬಾರದ ಅರ್ಧದ ಸುಳಿವು ಅವನಿಗೆ ಎಂದಿಗೂ ಸಿಗದು.

ಇಂತಹ ಎಚ್ಚರವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡುಬಿದಿರೆಯ ಜೈನಮಠ, ಸಿದ್ಧಾಂತ ಬಸದಿ ಮೊದಲಾದೆಡೆಗಳ, ಹಾಗೆಯೇ ಕಾರ್ಕಳ ಮತ್ತು ಅಳಿಯೂರಿನ ಓಲೆಗ್ರಂಥಗಳ ವಿವರ ಅದರಲ್ಲಿದೆ. ಗ್ರಂಥಗಳ ಹೆಸರನ್ನು ಒಂದರ ಕೆಳಗೊಂದು ಬರೆದಿದ್ದರೂ ಅದು ಪಟ್ಟಿಯೆನಿಸುತ್ತಿತ್ತು. ಆದರೆ ಇಂತಹ ವಿವರಣಾತ್ಮಕ ಸೂಚಿಯನ್ನು ಮಾಡುವವರು ಒಂದೊಂದು ಕಟ್ಟನ್ನೂ ಬಿಚ್ಚಿ ಕರ್ತೃ ಯಾರು, ಭಾಷೆ ಯಾವುದು, ಲಿಪಿ ಯಾವುದು, ವಿಷಯವೇನು, ಗರಿಗಳೆಷ್ಟು, ಗರಿಗೆ ಸಾಲುಗಳೆಷ್ಟು, ಸಾಲಿಗೆ ಅಕ್ಷರಗಳೆಷ್ಟು, ಪೂರ್ಣವೋ ಅಪೂರ್ಣವೋ, ಜೀರ್ಣವೋ ಸುಸ್ಥಿತಿಯೋ ಎಂದು ಒಂದೇ ಕ್ರಮದಿಂದ ಕೇಳುತ್ತಾರೆ. ಲಿಪಿ ಕನ್ನಡವಾಗಿದ್ದು ಭಾಷೆ ಸಂಸ್ಕೃತವೋ ಪ್ರಾಕೃತವೋ ಆಗಿರುವ ಗ್ರಂಥಗಳು ಈ ಭಂಡಾರಗಳಲ್ಲಿ ಹೇರಳವಾಗಿವೆ. ಆದುದರಿಂದ ಲಿಪಿಯನ್ನೂ ಭಾಷೆಯನ್ನೂ ಎರಡು ಗುಣಗಳಾಗಿ ಬೇರ್ಪಡಿಸದೆ ಗತಿಯಿಲ್ಲ. ಓಲೆಯನ್ನು ಕಾಣದೆ ಪಟ್ಟಿಯ ಕಲಮುಗಳನ್ನು ಮೊದಲೇ ಗೀಚಿದವನಿಗೆ ಇದು ಹೊಳೆಯುವಂತಿಲ್ಲ.

ಸಾಲು, ಅಕ್ಷರಗಳ ಎಣಿಕೆಯು ಕೆಲಸವಿಲ್ಲದವರ ಕೆಲಸವೆಂದು ನಗುವವರಿದ್ದಾರೆ. ಪ್ರಾಚೀನರು ಗ್ರಂಥದ ಗಾತ್ರವನ್ನು ಅಳೆದದ್ದು ಪುಟಗಳಿಂದಲ್ಲ. 32 ಅಕ್ಷರಗಳ ಒಂದು ಘಟಕಕ್ಕೆ ಒಂದು ‘ಗ್ರಂಥ’ವೆಂದು ಲೆಕ್ಕವಿಡುತ್ತಿದ್ದರು. 100 ಗರಿಗಳ ಒಂದು ಓಲೆಕಟ್ಟಿನಲ್ಲಿ ಗರಿಯ ಎರಡು ಬದಿಗೂ ಎಂಟೆಂಟು ಸಾಲು, ಸಾಲಿಗೆ 50 ಅಕ್ಷರವಿದ್ದರೆ ಒಟ್ಟು 80,000 ಅಕ್ಷರ. ಎಂದರೆ 2,500 ಗ್ರಂಥ. ಈ 2,500 ಎಂಬುದನ್ನು ಓಲೆಯ ಮೇಲೆ ಯಾರೂ ಬರೆದಿಲ್ಲ. ಅದು ಬೇರೆ ಗುಣಗಳ ಬೆಲೆಗಳಿಂದ ಹುಟ್ಟಿದ ಬೆಲೆ. ಬೇರೊಂದು ಭಂಡಾರದಲ್ಲಿ ಅದೇ ಕೃತಿಯ ಇನ್ನೊಂದು ಪ್ರತಿಯು 1,900 ಗ್ರಂಥವೇ ಆಗಿದ್ದರೆ ಒಂದರಲ್ಲಿ ಗರಿಗಳು ಕಳೆದಿರಬೇಕು, ಅಥವಾ ಇನ್ನೊಂದರಲ್ಲಿ ಯಾರೋ ಸೇರಿಸಿರಬೇಕು. ಎರಡು ಕಟ್ಟುಗಳನ್ನೂ ನೋಡದವನಿಗೂ ಈ ಸಂಶಯವನ್ನು ಹುಟ್ಟಿಸಬಲ್ಲ ಸೂಚಿಯೇ ಸೂಚಿ.

ಸೂಚಿಯು ಗ್ರಂಥವನ್ನೇ ಒಳಗೊಂಡಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅದರಲ್ಲಿರುವುದು ಗ್ರಂಥದ ಕಡೆಗೆ ತೋರುವ ಬೆರಳು. ಗಣಕದ ಪಟ್ಟಿಯೂ ಬಹುಮಟ್ಟಿಗೆ ಹಾಗೆಯೇ. ಅದು ವಸ್ತುವಿರುವ ಎಡೆಯನ್ನು ನೆನಪಿಡುತ್ತದೆ; ಒಂದೇ ವಸ್ತುವನ್ನು ಎರಡು ಪಟ್ಟಿಗಳು ತೋರುತ್ತಿದ್ದರೆ, ಒಂದರ ಮೂಲಕ ಮಾಡಿದ ತಿದ್ದುಪಡಿ ಇನ್ನೊಂದರಲ್ಲಿಯೂ ಕಾಣುತ್ತದೆ.

ಇನ್ನು ಕೇಳಿದ ಗುಣವೇ ಇಲ್ಲದಿದ್ದರೆ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನು ನೋಡಿದವರಿಗೆ ಈ ಪ್ರಶ್ನೆಯ ಸ್ವಾರಸ್ಯ ಬೇಗನೆ ತಿಳಿದೀತು. ಅಲ್ಲಿ ದೀಪಗಳಿವೆ, ಕ್ಯಾಮೆರಾಗಳಿವೆ, ತಾಳೆಗರಿಗಳಿವೆ. ಹಳೆಯ ಮೋಟಾರು ಕಾರುಗಳ ದೊಡ್ಡ ಸಂಗ್ರಹವೂ ಉಂಟು. ಇವೆಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ ‘ಗರಿಗಳೆಷ್ಟು?’ ಎಂದು ಕೇಳುತ್ತ ಹೋದರೆ ಕಾರಿನ ಸರದಿ ಬಂದಾಗ ಏನಾಗಬೇಕು? ಪೈಥಾನ್ ಭಾಷೆಯು ಇಂತಹ ಗುಣವಿಲ್ಲವೆಂದು ದೂರಿ ಅಲ್ಲಿಯೇ ನಿಂತುಬಿಡುತ್ತದೆ. ಜಾವಾಸ್ಕ್ರಿಪ್ಟ್ ‘ಅನ್‌ಡಿಫೈನ್ಡ್’ ಎಂಬ ಒಂದು ಮಾತನ್ನು ಮೆಲ್ಲನೆ ಕೈಯಲ್ಲಿಟ್ಟು ಮುಂದೆ ನಡೆಯುತ್ತದೆ. ಕೆಲಸವು ಸಲೀಸಾಗಿ ಸಾಗುವುದರಿಂದ ಎರಡನೆಯ ಸ್ವಭಾವವು ಅನೇಕರಿಗೆ ಹಿತವೆನಿಸುತ್ತದೆ. ಆದರೆ ಭಂಡಾರದ ಕೆಲಸಕ್ಕೆ ಹಟ ಹಿಡಿದು ನಿಲ್ಲುವ ಸ್ವಭಾವವೇ ಮೇಲು. ಗರಿಯೆಂಬ ಪ್ರಶ್ನೆಯೇ ಕಾರಿಗೆ ಸಲ್ಲದು. ಕಾಲ ನಮೂದಿಲ್ಲದ ಓಲೆಗೆ ಪ್ರಶ್ನೆ ಸಲ್ಲುತ್ತದೆ, ಉತ್ತರ ತಿಳಿಯದು. ಸೂಚಿಕಾರನು ನೋಡಲು ಮರೆತ ಓಲೆಗೆ ಉತ್ತರವೂ ಇರಬಹುದು. ಮೂರನ್ನೂ ಒಂದೇ ಖಾಲಿ ಮನೆಯಾಗಿ ಬಿಟ್ಟರೆ ಮುಂದಿನವನಿಗೆ ಮತ್ತೆ ಹುಡುಕುವ ಕಾರಣವೇ ಉಳಿಯದು. ‘ಇಲ್ಲ’, ‘ತಿಳಿಯದು’, ‘ನೋಡಿಲ್ಲ’ ಎಂಬ ಮೂರು ಮಾತುಗಳನ್ನು ಪ್ರಾಮಾಣಿಕವಾಗಿ ಬೇರೆಬೇರೆಯಾಗಿ ಬರೆಯುವುದಕ್ಕೆ ಹೆಚ್ಚಿನ ಶ್ರಮ ಬೇಡ. ಸ್ವಲ್ಪ ಸಂಕೋಚವನ್ನು ಗೆಲ್ಲಬೇಕಾಗುತ್ತದೆ, ಅಷ್ಟೆ.

ಒಂದು ಬೆಲೆಯು ಬಿಟ್ಟುಹೋದರೆ ಏನಾದೀತೆಂಬುದಕ್ಕೆ ಮೂಡುಬಿದಿರೆಯ ಓಲೆಗಳೇ ನಿದರ್ಶನ. ಷಟ್‌ಖಂಡಾಗಮ ಮತ್ತು ಅದಕ್ಕೆ ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಹಳೆಯ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳಗನ್ನಡ. ದೂರದೂರದಿಂದ ಬಂದ ಯಾತ್ರಿಕರು ಆ ಓಲೆಗಳ ದರ್ಶನ ಪಡೆದು ಕೈಮುಗಿದು ಹಿಂದಿರುಗುತ್ತಿದ್ದರು. ಒಳಗೇನಿದೆಯೆಂದು ಓದಿ ಹೇಳಬಲ್ಲವರು ಅತಿ ವಿರಳವಾಗಿದ್ದರು. ಕಾಪಾಡಿದವರ ಭಕ್ತಿಯನ್ನು ಹಗುರವಾಗಿ ಕಾಣುವುದು ಕೃತಘ್ನತೆ. ಅವರ ಬಿಗಿಯಾದ ಕಾವಲಿಲ್ಲದಿದ್ದರೆ ಇಂದು ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದರೂ ಕಾಣುವುದು ಬೇರೆ, ಕೇಳಿ ತಿಳಿಯುವುದು ಬೇರೆ. 1896ರ ಸುಮಾರಿಗೆ ಕನ್ನಡ ಮತ್ತು ನಾಗರಿ ಲಿಪಿಗಳಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಗಿ ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟವು 1939ರಲ್ಲಿ ಅಚ್ಚಾಯಿತು. ಸಂಪುಟಗಳು ಒಟ್ಟು 16 ಆದುವು.

ವಿಶೇಷವೆಂದರೆ ಆ ಗ್ರಂಥದ ಮೊದಲ ಖಂಡವು ಸ್ವತಃ ಇಂತಹ ಪ್ರಶ್ನೋತ್ತರವೇ. ಜಗತ್ತಿನ ಜೀವರಾಶಿಯನ್ನೆಲ್ಲ ಮುಂದಿಟ್ಟುಕೊಂಡು ಗತಿ ಯಾವುದು, ಇಂದ್ರಿಯಗಳೆಷ್ಟು, ಕಾಯ ಯಾವುದು ಎಂದು ಹದಿನಾಲ್ಕು ಬಗೆಯಿಂದ ಅದು ವಿಚಾರಿಸುತ್ತದೆ. ಈ ಹದಿನಾಲ್ಕಕ್ಕೆ ‘ಮಾರ್ಗಣೆ’ ಎಂದು ಹೆಸರು, ಮಾರ್ಗಣೆಯೆಂದರೆ ಹುಡುಕಾಟ. ಒಂದೊಂದು ಮಾರ್ಗಣೆಯಲ್ಲಿಯೂ ಬಂದ ಬೆಲೆಗೆ ತಕ್ಕಂತೆ ಜೀವನು ಆತ್ಮೋನ್ನತಿಯ ಹದಿನಾಲ್ಕು ಗುಣಸ್ಥಾನಗಳಲ್ಲಿ ಯಾವುವನ್ನು ಪಡೆಯಬಲ್ಲನೆಂದು ಸೂತ್ರಗಳು ಹೇಳುತ್ತವೆ. 93ನೆಯ ಸೂತ್ರವು ಮನುಷ್ಯ ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದು. ಸಂಪಾದಕರ ಕೈಗೆ ಬಂದ ಪ್ರತಿಯಲ್ಲಿ ಅಲ್ಲಿ ‘ಸಂಯತ’ ಎಂಬ ಅರ್ಥದ ಒಂದು ಪದವಿರಲಿಲ್ಲ. ಸಂದರ್ಭವನ್ನು ನೋಡಿ ಅಲ್ಲಿ ಆ ಪದವಿರಬೇಕೆಂದು ಸಂಪಾದಕರು ಊಹಿಸಿದರು. ಅದು ಸಣ್ಣ ಮಾತಾಗಿರಲಿಲ್ಲ. ಸ್ತ್ರೀಯರು ಮುನಿಗಳ ಸಂಯಮದ ನೆಲೆಗೆ ಏರಬಲ್ಲರೇ ಎಂಬ ಬಹುಕಾಲದ ವಿವಾದವನ್ನೇ ಅದು ಮುಟ್ಟಿತು. ಪಂಡಿತರಲ್ಲಿ ದೊಡ್ಡ ಚರ್ಚೆ ಎದ್ದಿತು. ಕೊನೆಗೆ ಮೂಡುಬಿದಿರೆಯ ತಾಳೆಗರಿಯನ್ನೇ ತೆರೆದು ನೋಡಿದಾಗ ಆ ಪದವು ಅಲ್ಲಿತ್ತು. ಪ್ರತಿಕಾರನ ಕಣ್ಣು ಒಂದು ಪದವನ್ನು ಹಾರಿತ್ತು. ಆ ಪದದ ಅರ್ಥವನ್ನು ಕುರಿತ ಚರ್ಚೆ ಮುಂದುವರಿಯಿತಾದರೂ ಅದರ ಇರವನ್ನು ಕುರಿತ ಪ್ರಶ್ನೆಗೆ ಓಲೆಯೇ ಉತ್ತರ ಕೊಟ್ಟಿತು.

ಇಂದು ಓಲೆಗಳ ಛಾಯಾಚಿತ್ರಗಳನ್ನು ತೆಗೆದು ಗಣಕದಲ್ಲಿರಿಸುವ ಕಾರ್ಯವು ದೇಶದಾದ್ಯಂತ ನಡೆದಿದೆ. ಅದಕ್ಕಾಗಿ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಗುರಿಯಾಗಿಸಿದ ‘ಜ್ಞಾನ ಭಾರತಂ’ ಯೋಜನೆಯ ಘೋಷಣೆಯಾಯಿತು. ಇದು ಸ್ತುತ್ಯವಾದುದು. ಗೆದ್ದಲು ಚಿತ್ರವನ್ನು ತಿನ್ನಲಾರದು. ಆದರೆ ಇಂತಹ ಕಾರ್ಯಗಳ ಯಶಸ್ಸನ್ನು ಚಿತ್ರಗಳ ಸಂಖ್ಯೆಯಿಂದ ಅಳೆಯುವ ಪ್ರವೃತ್ತಿ ಸುಲಭವಾಗಿ ಬೆಳೆಯುತ್ತದೆ. ಒಂದು ಲಕ್ಷ ಚಿತ್ರಗಳು, ಒಂದರಿಂದ ಒಂದು ಲಕ್ಷದವರೆಗೆ ಕ್ರಮಾಂಕ, ಬೇರೆ ಗುಣವಿಲ್ಲ. ಕರ್ತೃವನ್ನು ಕೇಳಿದರೆ ಮೌನ, ವಿಷಯವನ್ನು ಕೇಳಿದರೆ ಮೌನ. ಇದು ಹಿಂದಿನ ದರ್ಶನಕ್ಕಿಂತ ಹೇಗೆ ಭಿನ್ನವೆಂಬುದನ್ನು ಯೋಚಿಸಬೇಕಾಗಿದೆ. ಹಿಂದೆ ಬಾಗಿಲು ಮುಚ್ಚಿತ್ತು. ಈಗ ಬಾಗಿಲು ತೆರೆದಿದ್ದರೂ ಒಳಗಿನವರು ಮಾತನಾಡುವುದಿಲ್ಲ. ಛಾಯಾಚಿತ್ರಕ್ಕೆ ಸಲ್ಲುವ ಹಣದ ಒಂದು ಪಾಲು ಓಲೆಯ ಮುಂದೆ ಕುಳಿತು ಗುಣಗಳನ್ನು ಬರೆಯುವವನಿಗೆ ಸಲ್ಲಬೇಕು. ಹಳಗನ್ನಡ ಲಿಪಿಯನ್ನು ಗರಿಯ ಮೇಲೆ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಚಿತ್ರವನ್ನು ಮುಂದಿನ ವರ್ಷವೂ ತೆಗೆಯಬಹುದು. ಓದುಗನು ಮುಂದಿನ ವರ್ಷ ಇರುವನೆಂಬ ಭರವಸೆಯಿಲ್ಲ.

ಓಲೆಗಳಿಗೆ ಮಾತ್ರ ಒದಗಿದ ಸ್ಥಿತಿ ಇದಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ತುಳುವರ ಮನೆ ಮತ್ತು ಗದ್ದೆಗಳ ನಿತ್ಯದ ಬಳಕೆಯ ಸಾಮಾನುಗಳಿವೆ. ಅವುಗಳಲ್ಲಿ ಅನೇಕವನ್ನು ಇಂದಿನ ಮಕ್ಕಳು ಕೈಯಲ್ಲಿ ಹಿಡಿದವರಲ್ಲ. ಅಂತಹ ವಸ್ತುವಿಗೆ ಅಳತೆಯನ್ನೂ ತೂಕವನ್ನೂ ಯಾರು ಬೇಕಾದರೂ ಬರೆದಾರು. ತುಳುವಿನಲ್ಲಿ ಹೆಸರೇನು, ಯಾವ ತಿಂಗಳಿನಲ್ಲಿ ಹೊರತೆಗೆಯುತ್ತಿದ್ದರು, ಹಿಡಿಯುತ್ತಿದ್ದುದು ಗಂಡಸೋ ಹೆಂಗಸೋ ಎಂಬ ಗುಣಗಳ ಬೆಲೆಯು ವಸ್ತುವಿನ ಮೈಮೇಲೆ ಬರೆದಿರುವುದಿಲ್ಲ.

ಪ್ರೋಗ್ರಾಮು ಬರೆಯುವುದನ್ನು ಕಲಿಸುವ ಪುಸ್ತಕಗಳಲ್ಲಿ ಪಟ್ಟಿಗೆ ಉದಾಹರಣೆಯಾಗಿ ಯಾರೋ ಕಾಣದ ವಿದ್ಯಾರ್ಥಿಗಳ ಹೆಸರು, ವಯಸ್ಸು, ಅಂಕಗಳು ಬರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲೆಯ ಹುಡುಗಿಯೊಬ್ಬಳು ಅದರ ಬದಲಿಗೆ ತನ್ನ ಮನೆಯ ಅಟ್ಟದ ಮೇಲಿನ ಹತ್ತು ಸಾಮಾನುಗಳ ಪಟ್ಟಿಯನ್ನು ಮಾಡಬಹುದು. ಹಳೆಯ ಕಳಸೆ, ಸೇರು, ಮರದ ಮರಿಗೆ, ಒಡೆದ ಭರಣಿ, ದಾರ ತುಂಡಾದ ಓಲೆಯ ಕಟ್ಟು. ಗುಣಗಳ ಹೆಸರನ್ನು ಅವಳೇ ನಿರ್ಣಯಿಸಲಿ. ‘ಎತ್ತರ’ದವರೆಗೆ ಅಡಿಕೋಲು ಸಾಕು. ‘ಉಪಯೋಗ’ ಎಂಬಲ್ಲಿಗೆ ಬಂದಾಗ ಅವಳು ಅಟ್ಟದಿಂದ ಇಳಿದು, ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತ ಅಜ್ಜಿಯ ಬಳಿಗೆ ಆ ಮರಿಗೆಯನ್ನು ಎತ್ತಿಕೊಂಡೇ ಹೋಗಬೇಕಾಗುತ್ತದೆ.